ಹತ್ತಿಯ ನಾಡಿನಲ್ಲಿ ನಾಳಿನ ಬೆಲೆ

ಬಾಗಲಕೋಟೆಗೆ ಬಂದಿಳಿಯುವ ಪ್ರವಾಸಿಗೆ ಎರಡು ಊರುಗಳು ಕಾಣುತ್ತವೆ. ಘಟಪ್ರಭೆಯ ದಂಡೆಯಲ್ಲಿ, ಆಲಮಟ್ಟಿಯ ಹಿನ್ನೀರಿಗೆ ತನ್ನದೊಂದು ಭಾಗವನ್ನು ಒಪ್ಪಿಸಿದ ಹಳೆಯ ಪಟ್ಟಣ ಒಂದು. ಅಳತೆ ಹಿಡಿದು ಕಟ್ಟಿದ ನವನಗರ ಇನ್ನೊಂದು. ನೆಲೆ ಬದಲಾದರೂ ಪೇಟೆಯ ಮಾತು ಬದಲಾಗಿಲ್ಲ. ಮಳೆ ಹೇಗೆ, ಬೆಳೆ ಹೇಗೆ, ದರ ಹೇಗೆ? ಈ ಮೂರು ಪ್ರಶ್ನೆಗಳ ಸುತ್ತಲೇ ಇಲ್ಲಿಯ ಬಾಳು ತಿರುಗುತ್ತದೆ. ಮೊದಲಿನ ಎರಡಕ್ಕೆ ಆಕಾಶ ಹೊಣೆಯೆನ್ನಬಹುದು. ಮೂರನೆಯದಕ್ಕೆ ಹೊಣೆ ಯಾರು? ಇಲ್ಲಿಂದ ಇಳಕಲ್ಲಿಗೆ ಹೋಗುವ ಹಾದಿಯಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಹುಡುಕಬಹುದು.

ಬಾದಾಮಿಯ ಕೆಂಪು ಬಂಡೆ, ಅಗಸ್ತ್ಯತೀರ್ಥ, ಚಾಲುಕ್ಯರ ಗುಹೆಗಳು ಯಾರನ್ನಾದರೂ ಒಂದು ಗಳಿಗೆ ಮೂಕನನ್ನಾಗಿಸುತ್ತವೆ. ಅಲ್ಲಿಂದ ಪಟ್ಟದಕಲ್ಲನ್ನು ದಾಟಿ ಮಲಪ್ರಭೆಯ ಗುಂಟ ಸಾಗಿದರೆ ಹುನಗುಂದ ಸೀಮೆಯ ಐಹೊಳೆ. ಗುಡಿಗಳ ಊರೆಂದು ಇದನ್ನು ಎಲ್ಲರೂ ಬಲ್ಲರು. ವರ್ತಕರ ಊರೆಂದು ಬಲ್ಲವರು ಕಡಿಮೆ. ‘ಅಯ್ಯಾವೊಳೆ ಐನೂರ್ವರು’ ಎಂಬ ವ್ಯಾಪಾರಿ ಸಂಘ ಈ ಊರಿನ ಹೆಸರನ್ನೇ ಹೊತ್ತು ದಕ್ಷಿಣ ಭಾರತದುದ್ದಕ್ಕೂ ಹಬ್ಬಿದ್ದಿತು. ಸುಮಾತ್ರಾ ದ್ವೀಪದಲ್ಲಿ ದೊರೆತ 1088ರ ತಮಿಳು ಶಾಸನವೊಂದು ಐನೂರ್ವರನ್ನು ಹೆಸರಿಸುತ್ತದೆ. ತಿಂಗಳುಗಟ್ಟಲೆ ದೂರದ ಊರಿಗೆ ಸರಕನ್ನು ಕಳುಹಿಸುವವನು ಕೊಟ್ಟ ಮಾತನ್ನು ನಂಬಿಯೇ ಬದುಕಬೇಕು. ನಾಳೆ ಕೈಗೆ ಬರುವ ಸರಕಿಗೆ ಇಂದೇ ಮಾತಾಗುವುದು ವ್ಯಾಪಾರದಷ್ಟೇ ಹಳೆಯದು.

ಐಹೊಳೆಯಿಂದ ಹುನಗುಂದದ ಕಡೆಗೆ ಹೊರಳಿದರೆ ಕಣ್ಣು ಹಾಯುವವರೆಗೆ ಎರೆಭೂಮಿ. ರೈಲು ಬರುವ ಮೊದಲು ಕನ್ನಡ ಎರೆನಾಡಿನ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿನಲ್ಲಿ ಹಡಗೇರುತ್ತಿದ್ದಿತು. ಆದುದರಿಂದಲೇ ಮುಂಬಯಿಯ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂಬ ಹೆಸರು ನಿಂತಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಭಾರತದ ಹತ್ತಿಗೆ ಚಿನ್ನದ ಬೆಲೆ ಬಂದಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ಮುಂಬಯಿಯ ಎಷ್ಟೋ ಸಾಹುಕಾರರು ದಿವಾಳಿಯೆದ್ದರು. ಎಲ್ಲಿಯದೋ ಗುಂಡಿನ ಸದ್ದು ಇಲ್ಲಿಯ ಹೊಲದ ಬೆಲೆಯನ್ನು ಏರಿಸಿ ಇಳಿಸಿತ್ತು.

ಈ ಭಯಕ್ಕೆ ಕಂಡುಕೊಂಡ ಮದ್ದೇ ವಾಯಿದೆ ವ್ಯಾಪಾರ. ಸುಗ್ಗಿಯಲ್ಲಿ ಕೊಡುವ ಮಾಲಿಗೆ ಬಿತ್ತಿಗೆಯ ಕಾಲದಲ್ಲಿಯೇ ದರ ಗೊತ್ತುಮಾಡುವುದು ಇದರ ಮರ್ಮ. ಮುಂದೆ ದರ ಇಳಿದರೆ ಪೇಟೆಯಲ್ಲಿ ಆದ ನಷ್ಟವನ್ನು ವಾಯಿದೆಯ ಲಾಭ ತುಂಬಿಕೊಡುತ್ತದೆ. ಏರಿದರೆ ಪೇಟೆಯ ಲಾಭ ವಾಯಿದೆಯಲ್ಲಿ ಕರಗುತ್ತದೆ. ಮಾರುವವನಿಗೆ ಸಿಕ್ಕುವುದು ಸಿರಿಯಲ್ಲ, ನಿದ್ದೆ. ಆದರೆ ಆ ಭಯವನ್ನು ಕೊಳ್ಳುವವನೊಬ್ಬ ಬೇಡವೆ? ಹತ್ತಿಯನ್ನು ಕೈಯಿಂದ ಮುಟ್ಟದೆ, ಮನೆ ಚಿನ್ನಗಳಂತೆ ಅದನ್ನೂ ಒಂದು ಆಸ್ತಿಯೆಂದು ಎಣಿಸುವ ಹಣವಂತ ಅಲ್ಲಿ ಬರುತ್ತಾನೆ. ಅವನನ್ನು ಬೈಯುವುದು ಸುಲಭ. ಅವನಿಲ್ಲದೆ ವಾಯಿದೆ ನಡೆಯದು.

ಆದರೆ ಎಲ್ಲೆ ಮೀರಿದರೆ ಏನಾಗುವುದೆಂಬುದಕ್ಕೆ ಸಾಕ್ಷಿ ಈ ಸೀಮೆಯ ಆಡುಮಾತಿನಲ್ಲಿಯೇ ಉಂಟು. ಮಟ್ಕಾ ಜೂಜಿಗೆ ಇಲ್ಲಿಯವರು ‘ಓಸಿ’ ಎನ್ನುತ್ತಾರೆ. ಓಪನ್, ಕ್ಲೋಜ್ ಎಂಬ ಎರಡು ಮಾತುಗಳ ಮೊದಲ ಅಕ್ಷರಗಳು ಅವು. ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳು ತಂತಿಯಲ್ಲಿ ಮುಂಬಯಿಗೆ ಬರುತ್ತಿದ್ದುವು. ಅವುಗಳ ಅಂಕಿಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ದರಗಳ ಬರವು ನಿಂತಿತು; ಜೂಜು ನಿಲ್ಲಲಿಲ್ಲ, ಮಡಕೆಯಿಂದ ಚೀಟಿ ಎತ್ತುವ ಮಟ್ಕಾ ಆಯಿತು. ಹತ್ತಿ ಹೋಗಿ ಅಂಕಿ ಮಾತ್ರ ಉಳಿಯಿತು. ವಾಯಿದೆಯು ಇದ್ದ ಭಯವನ್ನು ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸುತ್ತದೆ. ಓಸಿಯು ಇಲ್ಲದ ಭಯವನ್ನು ಸೃಷ್ಟಿಸಿ ಸಂಸಾರವನ್ನು ಬೀದಿಗೆ ತರುತ್ತದೆ.

ಸರಕಾರವೂ ಈ ಗೆರೆಯನ್ನು ಎಳೆಯಲು ಹೆಣಗುತ್ತಲೇ ಬಂದಿದೆ. 1952ರಲ್ಲಿ ವಾಯಿದೆ ಒಪ್ಪಂದಗಳಿಗೆ ಕಾಯಿದೆ ಬಂದಿತು. 1960ರ ದಶಕದಲ್ಲಿ ಹತ್ತಿಯ ವಾಯಿದೆಗೆ ತಡೆ ಬಿದ್ದಿತು. 2003ರಲ್ಲಿ ಸರಕುಗಳ ವಾಯಿದೆಗೆ ಬಾಗಿಲು ಮತ್ತೆ ವಿಶಾಲವಾಗಿ ತೆರೆಯಿತು. 2015ರಲ್ಲಿ ಮೇಲ್ವಿಚಾರಣೆ ಸೆಬಿಯ ಕೈಸೇರಿತು.

ಹುನಗುಂದವನ್ನು ಬಿಟ್ಟು ಇಳಕಲ್ಲಿನ ಓಣಿಗಳನ್ನು ಹೊಕ್ಕರೆ ಮಗ್ಗದ ಸದ್ದು ಸ್ವಾಗತಿಸುತ್ತದೆ. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಇಲ್ಲಿಯ ಜಾಣ್ಮೆ. ನೂಲಿನ ದರ ಏರಿದಾಗ ಮೊದಲು ಬಿಗಿಯಾಗುವುದು ಈ ನೇಕಾರನ ಹೊಟ್ಟೆ. ಅವನಿಗೆ ವಾಯಿದೆಯ ಆಸರೆ ಉಂಟೆ? 2023ರಲ್ಲಿ ಮುಂಬಯಿಯ ವಿನಿಮಯ ಕೇಂದ್ರ ಹತ್ತಿಯ ಒಂದು ಒಪ್ಪಂದವನ್ನು 48 ಕ್ಯಾಂಡಿಗಳಿಗೆ ಗೊತ್ತುಮಾಡಿತು: ಸುಮಾರು 170 ಕ್ವಿಂಟಲ್ ಅರಳೆ. ಬೀಜ ತೆಗೆಯದ ಹತ್ತಿಯ ಲೆಕ್ಕದಲ್ಲಿ ಸುಮಾರು 500 ಕ್ವಿಂಟಲ್. ಹುನಗುಂದದ ಸಣ್ಣ ರೈತ ಅಷ್ಟನ್ನು ಬೆಳೆಯುವುದೆಂತು, ಇಳಕಲ್ಲಿನ ನೇಕಾರ ಅಷ್ಟನ್ನು ನೇಯುವುದೆಂತು?

ಭಯವುಳ್ಳವರು ಬಾಗಿಲ ಹೊರಗೆ, ಭಯವಿಲ್ಲದವರು ಒಳಗೆ. ಹತ್ತು ರೈತರು ಕೂಡಿ ಒಂದು ಸಂಘವಾದರೆ, ಹತ್ತು ಮಗ್ಗಗಳು ಕೂಡಿ ಒಂದು ಸಹಕಾರವಾದರೆ, ಆ ಬಾಗಿಲ ಹತ್ತಿರಕ್ಕಾದರೂ ಹೋಗಬಹುದು. ಐನೂರ್ವರು ಮೆರೆದದ್ದು ಒಬ್ಬೊಬ್ಬರಾಗಿ ಅಲ್ಲ, ಐನೂರ್ವರಾಗಿ. ಒಡಲಿಗೆ ಸೆರಗನ್ನು ಕೂಡಿಸಬಲ್ಲ ಊರಿಗೆ ಈ ಮಾತನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ.