ಹಿತ್ತಲ ಗಿಡ ಮತ್ತು ಜುಲೈ ಒಂದನೆಯ ತಾರೀಖು

ಜುಲೈ ಒಂದನೆಯ ತಾರೀಖು ಎಂದರೆ ನಮ್ಮ ನಾಡಿನಲ್ಲಿ ಪತ್ರಿಕಾ ದಿನ. 1843ರ ಆ ದಿನ ‘ಮಂಗಳೂರು ಸಮಾಚಾರ’ ಹೊರಬಂದಿತೆಂದು ನಾನು ಪ್ರತಿ ವರ್ಷವೂ ಪ್ರಾರ್ಥನೆಯ ವೇಳೆಯಲ್ಲಿ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಕೆನಡಾದಲ್ಲಿ ಅದು ದೇಶದ ಹುಟ್ಟುಹಬ್ಬ. ಆದರೆ ಟೊರೊಂಟೊ ನಗರದ ಪಕ್ಕದ ಮಿಸ್ಸಿಸಾಗದಲ್ಲಿರುವ ನನ್ನ ಮೊಮ್ಮಗನ ಪಂಚಾಂಗದಲ್ಲಿ ಇವೆರಡಕ್ಕಿಂತಲೂ ದೊಡ್ಡ ಪರ್ವವೊಂದು ಅಂದು ಬೀಳುತ್ತದೆ. ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಐಸ್ ಹಾಕಿಯ ‘ಫ್ರೀ ಏಜೆಂಟ್’ ಸಂತೆ ತೆರೆಯುತ್ತದೆ.

2019ರಲ್ಲಿ ನಿವೃತ್ತನಾದ ಕೂಡಲೇ ಮಗನ ಮನೆಗೆ ಹೋಗಿದ್ದೆ. ಆಗ ಮೊಮ್ಮಗನಿಗೆ ಒಂಬತ್ತು ವರ್ಷ. ಜುಲೈ ಒಂದರಂದು ಬೆಳಗಿನಿಂದಲೇ ಟೊರೊಂಟೊ ಮೇಪಲ್ ಲೀಫ್ಸ್ ತಂಡದ ನೀಲಿ ಅಂಗಿ ತೊಟ್ಟು ದೂರದರ್ಶನದ ಮುಂದೆ ಕುಳಿತಿದ್ದ. ಆಟವಿಲ್ಲ, ಚೆಂಡಿಲ್ಲ, ಕೋಟು ಧರಿಸಿದ ನಾಲ್ವರು ಮೇಜಿನ ಸುತ್ತ ಕುಳಿತು ಯಾರು ಯಾವ ತಂಡಕ್ಕೆ ಎಷ್ಟು ಹಣಕ್ಕೆ ಹೋದರೆಂದು ಹೇಳುತ್ತಿದ್ದರು. ನಮ್ಮ ಶಿಕ್ಷಣ ಇಲಾಖೆಯ ವರ್ಗಾವಣೆಯ ಕೌನ್ಸೆಲಿಂಗ್ ನೆನಪಾಗಿ ನಗು ಬಂತು. ಅಷ್ಟರಲ್ಲಿ ಹುಡುಗ ಅಳತೊಡಗಿದ. “ತಾತ, ಕಾದ್ರಿಯನ್ನು ಕೊಟ್ಟುಬಿಟ್ಟರು!” ನಜೀಮ್ ಕಾದ್ರಿ ಎಂಬ ಆಟಗಾರನನ್ನು ಅಂದು ಕೊಲೊರಾಡೊ ತಂಡಕ್ಕೆ ಕೊಟ್ಟು ಬೇರೆಯವರನ್ನು ಪಡೆದಿದ್ದರು. ಎರಡು ವರ್ಷ ಸತತವಾಗಿ, ನಿರ್ಣಾಯಕ ಸುತ್ತಿನಲ್ಲಿ ಕೋಪದ ಕೈಗೆ ಬುದ್ಧಿ ಕೊಟ್ಟು ಅಮಾನತಾಗಿದ್ದವನು ಆತ, ಕೊಟ್ಟಿದ್ದಕ್ಕೆ ಕಾರಣವಿತ್ತು. ಆದರೆ ಒಂಬತ್ತರ ಹುಡುಗನಿಗೆ ಕಾರಣಗಳಿಂದ ಸಮಾಧಾನವಾಗುತ್ತದೆಯೆ? ಅದೇ ಕಾದ್ರಿ 2022ರಲ್ಲಿ ಕೊಲೊರಾಡೊ ಪರವಾಗಿ ಸ್ಟ್ಯಾನ್ಲಿ ಕಪ್ ಎತ್ತಿದ. ಟೊರೊಂಟೊ ಆ ಬಟ್ಟಲನ್ನು ಕೊನೆಯದಾಗಿ ಗೆದ್ದದ್ದು 1967ರಲ್ಲಿ.

ಅಂದಿನಿಂದ ಈ ಆಟದ ಲೆಕ್ಕಾಚಾರ ನನ್ನನ್ನು ಹಿಡಿದುಕೊಂಡಿತು. ಗಣಿತದ ಮೇಷ್ಟ್ರಾದ ನನಗೆ ಆಟಕ್ಕಿಂತ ಅದರ ಹಿಂದಿನ ಲೆಕ್ಕವೇ ಹೆಚ್ಚು ರುಚಿಸಿತೆಂದರೂ ತಪ್ಪಿಲ್ಲ.

ಪದ್ಧತಿ ಹೀಗಿದೆ. ಹದಿನೆಂಟರ ಹರೆಯದ ಹುಡುಗರನ್ನು ತಂಡಗಳು ‘ಡ್ರಾಫ್ಟ್’ ಎಂಬ ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಆರಿಸಿದ ತಂಡಕ್ಕೆ ಆ ಹುಡುಗನ ಮೇಲೆ ಹಕ್ಕಿರುತ್ತದೆ. ಏಳು ಋತು ಆಡಿದ ಮೇಲೆ, ಇಲ್ಲವೇ ಇಪ್ಪತ್ತೇಳು ವರ್ಷ ತುಂಬಿದ ಮೇಲೆ, ಕರಾರು ಮುಗಿದರೆ ಅವನು ಸ್ವತಂತ್ರ. ಯಾರು ಕರೆದರೂ ಹೋಗಬಹುದು. ಅವನೇ ಫ್ರೀ ಏಜೆಂಟ್. ಹಾಗಾದರೆ ಹಣವಿರುವ ತಂಡವೇ ಎಲ್ಲರನ್ನೂ ಕೊಂಡುಕೊಳ್ಳುವುದಿಲ್ಲವೆ ಎಂದು ನೀವು ಕೇಳಬಹುದು. ಆ ಜಗಳ ಹಿಂದೆ ದೊಡ್ಡದಾಗಿಯೇ ನಡೆಯಿತು. 2004–05ರ ಇಡೀ ಋತುವೇ ರದ್ದಾಯಿತು. ಬಳಿಕ ಪ್ರತಿ ತಂಡದ ಸಂಬಳದ ಮೊತ್ತಕ್ಕೆ ಮಿತಿ ಹಾಕಿದರು. 2005–06ರಲ್ಲಿ ಆ ಮಿತಿ 3.9 ಕೋಟಿ ಡಾಲರ್, 2025–26ಕ್ಕೆ 9.55 ಕೋಟಿ. ಶ್ರೀಮಂತನಿರಲಿ ಬಡವನಿರಲಿ, ಹಾಸಿಗೆ ಎಲ್ಲರಿಗೂ ಒಂದೇ ಅಳತೆಯದು. ಕಾಲು ಅದರೊಳಗೇ ಚಾಚಬೇಕು.

ಈ ಮಿತಿಯೊಂದರಿಂದ ಇಡೀ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಒಬ್ಬನನ್ನು ತರುವುದೆಂದರೆ ಇನ್ನೊಬ್ಬನನ್ನು ಇಟ್ಟುಕೊಳ್ಳಲಾಗದಿರುವುದು. ಜುಲೈ ಒಂದರಂದು ಜನ ಕೂಡಿಸುವ ಲೆಕ್ಕವನ್ನಷ್ಟೇ ಮಾಡುತ್ತಾರೆ. ಕಳೆಯುವ ಲೆಕ್ಕ ಎರಡು ಮೂರು ವರ್ಷ ಕಳೆದ ಮೇಲೆ ಕಣ್ಣಿಗೆ ಬೀಳುತ್ತದೆ.

ಟೊರೊಂಟೊದ ಕಥೆಯನ್ನೇ ನೋಡಿ. 2018ರ ಜುಲೈ ಒಂದರಂದು ಜಾನ್ ಟವಾರೆಸ್ ಎಂಬ ಹೆಸರಾಂತ ಆಟಗಾರ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಬಿಟ್ಟು ಬಂದ. ಏಳು ವರ್ಷಕ್ಕೆ 7.7 ಕೋಟಿ ಡಾಲರ್. ನನ್ನ ಮಗನಿರುವ ಮಿಸ್ಸಿಸಾಗದಲ್ಲೇ ಹುಟ್ಟಿದವನು ಆತ. ಬಾಲ್ಯದಲ್ಲಿ ಲೀಫ್ಸ್ ಚಿತ್ರವಿದ್ದ ಹೊದಿಕೆ ಹೊದ್ದು ಮಲಗಿದ್ದ ತನ್ನ ಭಾವಚಿತ್ರವನ್ನು ಅಂದು ಎಲ್ಲರಿಗೂ ತೋರಿಸಿದ. ಊರಿಗೆ ಊರೇ ಕುಣಿಯಿತು. ತಂಡದಲ್ಲಿ ಆಗಲೇ ತಾವೇ ಬೆಳೆಸಿದ ಮೂವರು ತರುಣರಿದ್ದರು: ಆಸ್ಟನ್ ಮ್ಯಾಥ್ಯೂಸ್, ಮಿಚ್ ಮಾರ್ನರ್, ವಿಲಿಯಂ ನೈಲಾಂಡರ್. ಅತಿಥಿಗೆ ಇಷ್ಟು ಬಡಿಸಿದ ಮೇಲೆ ಮನೆಯ ಮಕ್ಕಳು ತಮ್ಮ ತಟ್ಟೆಯನ್ನು ನೋಡಿಕೊಳ್ಳದಿರುತ್ತಾರೆಯೆ? 2019–20ರ ಹೊತ್ತಿಗೆ ಈ ನಾಲ್ವರ ಸಂಬಳವೇ ಸುಮಾರು 4.05 ಕೋಟಿಯಾಯಿತು. ಮಿತಿಯಿದ್ದದ್ದು 8.15 ಕೋಟಿ. ಒಂದು ತಂಡ 23 ಆಟಗಾರರವರೆಗೆ ಇಟ್ಟುಕೊಳ್ಳಬಹುದು. ಅಂದರೆ ನಾಲ್ವರಿಗೆ ಅರ್ಧ, ಉಳಿದ ಹತ್ತೊಂಬತ್ತು ಮಂದಿಗೆ ಅರ್ಧ. ಏಳನೆಯ ತರಗತಿಯ ಹುಡುಗನೂ ಮಾಡಬಹುದಾದ ಲೆಕ್ಕ. ಅದರ ಮೇಲೆ ಕೊರೊನಾ ಬಂದು ಆದಾಯ ಕುಸಿಯಿತು. ಪ್ರತಿ ವರ್ಷ ಏರುತ್ತದೆಂದು ನಂಬಿದ್ದ ಮಿತಿ ಅಲ್ಲಿಯೇ ನಿಂತುಬಿಟ್ಟಿತು.

ಆಗ ಹೊರಗೆ ಹೋಗಬೇಕಾಗಿ ಬಂದವನು ಝ್ಯಾಕ್ ಹೈಮನ್. ಟೊರೊಂಟೊದಲ್ಲೇ ಹುಟ್ಟಿದವನು, ಮಕ್ಕಳಿಗಾಗಿ ಕಥೆಪುಸ್ತಕಗಳನ್ನೂ ಬರೆದಿದ್ದಾನೆಂದು ತಿಳಿದು ನನಗೆ ಅವನಲ್ಲಿ ವಿಶೇಷ ಅಕ್ಕರೆ. ಸೊಗಸಿನ ಆಟ ಅವನದಲ್ಲ. ಗೋಡೆಯ ಅಂಚಿಗೆ ಸಿಕ್ಕಿಕೊಂಡ ಪಕ್ಕನ್ನು—ಅಲ್ಲಿ ಚೆಂಡಿನ ಬದಲು ರಬ್ಬರಿನ ಬಿಲ್ಲೆಯಿರುತ್ತದೆ—ನಾಲ್ಕು ಪೆಟ್ಟು ತಿಂದಾದರೂ ಕಿತ್ತು ತರುವವನು. ಗೋಲಿನ ಬಾಯಿಯಲ್ಲಿ ನಿಂತು ಬೆನ್ನಿಗೆ ಕೋಲಿನೇಟು ಸಹಿಸುವವನು. 2021ರ ಜುಲೈಯಲ್ಲಿ ಎಡ್ಮಂಟನ್ ತಂಡ ವರ್ಷಕ್ಕೆ 55 ಲಕ್ಷ ಡಾಲರಿನಂತೆ ಏಳು ವರ್ಷಕ್ಕೆ ಕರೆಯಿತು. ಅಷ್ಟು ಕೊಡಲು ಟೊರೊಂಟೊ ಕೈಯಲ್ಲಿ ಇರಲಿಲ್ಲ. 2023–24ರಲ್ಲಿ ಆ ‘ಕೂಲಿಯಾಳು’ 54 ಗೋಲು ಹೊಡೆದ. ಎಡ್ಮಂಟನ್ ಫೈನಲ್ ತಲುಪಿತು. ಟೊರೊಂಟೊ ಎಂದಿನಂತೆ ಮೊದಲ ಸುತ್ತಿನ ಏಳನೆಯ ಪಂದ್ಯದಲ್ಲಿ ಸೋತು ಮನೆಯಲ್ಲಿ ಕುಳಿತಿತ್ತು.

ಇದರ ಎದುರಿಗೆ 2024 ಮತ್ತು 2025ರಲ್ಲಿ ಸತತವಾಗಿ ಕಪ್ ಗೆದ್ದ ಫ್ಲಾರಿಡಾ ಪ್ಯಾಂಥರ್ಸ್ ತಂಡವನ್ನು ಇಟ್ಟು ನೋಡಿ. ಅದರ ರಕ್ಷಣೆಯ ಆಧಾರಸ್ತಂಭ ಗುಸ್ತಾವ್ ಫೋರ್ಸ್‌ಲಿಂಗ್. 2021ರ ಜನವರಿಯಲ್ಲಿ ಬೇರೊಂದು ತಂಡ ಬೇಡವೆಂದು ಬಿಟ್ಟಾಗ ಬಿಡಿಗಾಸಿಲ್ಲದೆ ಎತ್ತಿಕೊಂಡವನು. ಮುಂಪಡೆಯ ಕಾರ್ಟರ್ ವರ್ಹೇಗಿಯದು ಇನ್ನೂ ಸ್ವಾರಸ್ಯದ ಕಥೆ. 2013ರ ಡ್ರಾಫ್ಟಿನಲ್ಲಿ 82ನೆಯವನಾಗಿ ಅವನನ್ನು ಆರಿಸಿದ್ದು ಬೇರೆ ಯಾರೂ ಅಲ್ಲ, ಟೊರೊಂಟೊ! ಎರಡು ವರ್ಷದಲ್ಲೇ ಅವನನ್ನು ಒಂದು ಕೊಡುಕೊಳ್ಳುವಿಕೆಯಲ್ಲಿ ಸೇರಿಸಿ ಕಳಿಸಿಬಿಟ್ಟಿತು. ಊರೂರು ಅಲೆದು, ಟ್ಯಾಂಪಾ ತಂಡವೂ ಕೈಬಿಟ್ಟ ಮೇಲೆ, 2020ರಲ್ಲಿ ಫ್ಲಾರಿಡಾ ಅವನನ್ನು ವರ್ಷಕ್ಕೆ ಹತ್ತು ಲಕ್ಷ ಡಾಲರಿನಂತೆ ಸೇರಿಸಿಕೊಂಡಿತು. 2024ರ ಫೈನಲಿನ ಏಳನೆಯ ಪಂದ್ಯದಲ್ಲಿ ಮೊದಲ ಗೋಲು ಅವನದೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದು ವಿಸ್ತರಿಸಿ ಎಂದಿದ್ದೇನೆ! ಉದಾಹರಣೆ ಟೊರೊಂಟೊದಲ್ಲಿ ಸಿಕ್ಕಿತು.

ಹಾಗೆಂದು ದುಬಾರಿ ಆಟಗಾರನನ್ನು ತರುವುದೇ ತಪ್ಪೆಂದು ನಾನು ಹೇಳಲಾರೆ. ಫ್ಲಾರಿಡಾ 2019ರ ಜುಲೈ ಒಂದರಂದು ಗೋಲಿ ಸರ್ಗೈ ಬೊಬ್ರೊವ್‌ಸ್ಕಿಗೆ ಏಳು ವರ್ಷಕ್ಕೆ 7 ಕೋಟಿ ಕೊಟ್ಟಿತು. ಮೊದಮೊದಲು ನಕ್ಕವರೇ ಹೆಚ್ಚು. ಎರಡು ಕಪ್ಪುಗಳ ಬಳಿಕ ನಗು ನಿಂತಿದೆ. ಟವಾರೆಸನೂ ಸುಮ್ಮನೆ ಕೂತವನಲ್ಲ. 2004ರ ನಂತರ ಟೊರೊಂಟೊ ಮೊದಲ ಬಾರಿಗೆ ಒಂದು ಸುತ್ತು ಗೆದ್ದದ್ದು 2023ರಲ್ಲಿ, ಹೆಚ್ಚುವರಿ ಅವಧಿಯಲ್ಲಿ ಅವನು ಹೊಡೆದ ಗೋಲಿನಿಂದ. ದೋಷ ಬಂದವನದಲ್ಲ. ಅವನಿಗೆ ಎಡೆ ಮಾಡಿಕೊಡಲು ಯಾರನ್ನು ಎಬ್ಬಿಸಬೇಕಾಗುತ್ತದೆ ಎಂಬುದನ್ನು ಮೊದಲೇ ಎಣಿಸದವರದು.

2025ರ ಬೇಸಗೆಯಲ್ಲಿ ಮತ್ತೆ ಅಲ್ಲಿದ್ದೆ. ಮೇ ತಿಂಗಳಲ್ಲಿ ಫ್ಲಾರಿಡಾ ಎದುರು ಏಳನೆಯ ಪಂದ್ಯವನ್ನು ಟೊರೊಂಟೊ ತನ್ನ ಅಂಗಳದಲ್ಲೇ 6–1ರಿಂದ ಸೋತಿತು. ಕೆಲವರು ತೊಟ್ಟ ನೀಲಿ ಅಂಗಿಯನ್ನೇ ಕಳಚಿ ಮಂಜುಗಡ್ಡೆಯ ಮೇಲೆ ಎಸೆದರು. ಜುಲೈ ಒಂದರ ಹೊಸ್ತಿಲಿನಲ್ಲಿ ಮಾರ್ನರ್, ಟೊರೊಂಟೊ ಸೀಮೆಯಲ್ಲೇ ಬೆಳೆದ ಹುಡುಗ, ಎಂಟು ವರ್ಷಕ್ಕೆ 9.6 ಕೋಟಿ ಡಾಲರಿನ ಕರಾರಿನೊಡನೆ ಲಾಸ್ ವೇಗಸ್ ನಗರದ ತಂಡಕ್ಕೆ ಹೊರಟುಹೋದ. ಅದೇ ವಾರ ಟವಾರೆಸ್, ವರ್ಷಕ್ಕೆ 1.1 ಕೋಟಿ ಪಡೆಯುತ್ತಿದ್ದವನು, ಸುಮಾರು 44 ಲಕ್ಷಕ್ಕೆ ಒಪ್ಪಿ ಇನ್ನೂ ನಾಲ್ಕು ವರ್ಷ ಊರಿನಲ್ಲೇ ಉಳಿದ.

“ಮಾರ್ನರ್ ಮೋಸಗಾರ, ತಾತ. ಅವನ ಹೆಸರಿನ ಅಂಗಿಯನ್ನು ಕಸಕ್ಕೆ ಹಾಕುತ್ತೇನೆ” ಎಂದ ಮೊಮ್ಮಗ. ಈಗ ಅವನಿಗೆ ಹದಿನೈದು. ಕಣ್ಣೀರಿನ ಜಾಗದಲ್ಲಿ ಸಿಟ್ಟು ಬಂದಿದೆ. ನಾನು ಉತ್ತರಿಸುವ ಮೊದಲೇ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮಗ ಮೆಲ್ಲಗೆ ಹೇಳಿದ: “ನಾನೂ ಹಾಗೆ ಬಂದವನೇ ಕಣೋ. ತಾತ ನನ್ನ ಅಂಗಿಯನ್ನು ಎಸೆಯಲಿಲ್ಲ. ಮೈಸೂರಿನ ಬೀರುವಿನಲ್ಲಿ ಇನ್ನೂ ಇವೆ.” ಸ್ವಲ್ಪ ಹೊತ್ತು ಮೂವರೂ ಮಾತಾಡಲಿಲ್ಲ. ನನ್ನ ಸೊಸೆ ಕಾಫಿ ತಂದಿಟ್ಟಳು.

ಅಂದು ರಾತ್ರಿ ಮೊಮ್ಮಗನಿಗೆ ಒಂದು ಕಥೆ ಹೇಳಿದೆ. ಇಲ್ಲಿಯವರೆಗೆ ಯಾರಿಗೂ ಹೇಳದ್ದು.

ತೊಂಬತ್ತರ ದಶಕದಲ್ಲಿ ಕೊಡಗಿನ ಒಂದು ಪ್ರೌಢಶಾಲೆಯಲ್ಲಿ ಕೆಲವು ವರ್ಷ ಇದ್ದೆ. ಆ ನೆಲದಲ್ಲಿ ಹಾಕಿ ಆಡದ ಶಾಲೆಯಿಲ್ಲ. 1997ರಿಂದ ಅಲ್ಲಿ ಕೊಡವ ಕುಟುಂಬಗಳ ನಡುವೆಯೇ ಹಾಕಿ ಹಬ್ಬ ನಡೆಯುತ್ತದೆ; ಮನೆತನದ ಹೆಸರೇ ತಂಡದ ಹೆಸರು, ಅಲ್ಲಿ ಯಾರನ್ನೂ ಕೊಳ್ಳುವಂತಿಲ್ಲ. ನಮ್ಮ ಶಾಲೆಯ ದೈಹಿಕ ಶಿಕ್ಷಕರಿಗೆ ವರ್ಗವಾಗಿ, ತಂಡದ ಹೊಣೆ ನನ್ನ ತಲೆಗೆ ಬಂತು. ಆ ವರ್ಷ ಹತ್ತನೆಯ ತರಗತಿಗೆ ಹೊರಗಿನಿಂದ ಹುಡುಗನೊಬ್ಬ ಸೇರಿದ. ತಂದೆಗೆ ಸರ್ಕಾರಿ ನೌಕರಿ. ಅವನ ಕೈಯಲ್ಲಿ ಕೋಲು ಮಾತನಾಡುತ್ತಿತ್ತು. ಅವನನ್ನು ಮುಂಪಡೆಗೆ ಹಾಕಿದೆ. ಮುಂಪಡೆಯಲ್ಲಿದ್ದವನನ್ನು ಹಿಂದಕ್ಕೆ ಎಡ ಹಾಫ್‌ಗೆ ತಳ್ಳಿದೆ. ಎಡ ಹಾಫ್ ಆಡುತ್ತಿದ್ದವನನ್ನು ಹನ್ನೊಂದರಿಂದ ಕೈಬಿಟ್ಟೆ. ಎಂಟನೆಯ ತರಗತಿಯಿಂದ, ಮಳೆಗಾಲದಲ್ಲಿ ಗೊರಗ ಹೊದ್ದು ನಡೆದು ಬಂದು, ಒಂದು ದಿನವೂ ಅಭ್ಯಾಸ ತಪ್ಪಿಸದ ಹುಡುಗ ಅವನು. ಹೇಳಿದಾಗ “ಆಗಲಿ ಸರ್” ಎಂದ. ಪಂದ್ಯದ ದಿನ ಹೊಸಬನ ಕೋಲು ಬಿರುಕು ಬಿಟ್ಟಾಗ ತನ್ನ ಕೋಲನ್ನೇ ಕೊಟ್ಟು, ನೀರಿನ ಬಿಂದಿಗೆಯ ಪಕ್ಕ ಕುಳಿತ.

ತಾಲೂಕು ಸೆಮಿಫೈನಲಿನಲ್ಲಿ 3–2ರಿಂದ ಸೋತೆವು. ನಮ್ಮ ಎರಡೂ ಗೋಲು ಹೊಸ ಹುಡುಗನದೇ, ಎರವಲು ಕೋಲಿನಿಂದ. ನಮ್ಮ ಮೇಲೆ ಬಿದ್ದ ಮೂರೂ ಎಡಬದಿಯಿಂದ ಬಂದವು. ಅಲ್ಲಿ ಎರಡು ವರ್ಷದಿಂದ ಒಬ್ಬರ ಚಲನೆ ಒಬ್ಬರಿಗೆ ತಿಳಿದಿದ್ದ ಜೋಡಿಯನ್ನು ಮುರಿದವನು ನಾನು. ಆ ಹುಡುಗ ಮತ್ತೆ ಮೈದಾನಕ್ಕೆ ಬರಲಿಲ್ಲ. ಪರೀಕ್ಷೆ ಹತ್ತಿರ ಬಂತು, ಓದುತ್ತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಸೋಲಿಗಾಗಿ ನನಗೆ ಈಗ ವ್ಯಥೆಯಿಲ್ಲ. ಗೆದ್ದಿದ್ದರೂ ಆ “ಆಗಲಿ ಸರ್” ನನ್ನ ಕಿವಿಯಲ್ಲಿ ಉಳಿಯುತ್ತಿತ್ತು. ನಾನು ಬೇರೆ ಏನನ್ನಾದರೂ ಮಾಡಬಹುದಿತ್ತು: ಅವನನ್ನು ಕೂರಿಸಿಕೊಂಡು ಕಾರಣ ಹೇಳಬಹುದಿತ್ತು, ದ್ವಿತೀಯಾರ್ಧದಲ್ಲಿ ಇಳಿಸಬಹುದಿತ್ತು. ಕಪ್ಪಿನ ಆಸೆಯಲ್ಲಿ ಅವನು ಅಲ್ಲಿದ್ದಾನೆಂಬುದನ್ನೇ ಮರೆತೆ.

ಕಥೆ ಮುಗಿದ ಮೇಲೆ ಮೊಮ್ಮಗ ತನ್ನ ನೀಲಿ ಅಂಗಿಯನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟ, ಕಸಕ್ಕೆ ಹಾಕಲಿಲ್ಲ. ಆಮೇಲೆ ಕೇಳಿದ: “ಅವನಿಗೆ ಸಾರಿ ಹೇಳಿದಿರಾ, ತಾತ?”

ಹೇಳಿರಲಿಲ್ಲ. ಮೂವತ್ತು ವರ್ಷ ಸೇವೆ ಸಲ್ಲಿಸಿ, ಹಾರ ಹಾಕಿಸಿಕೊಂಡು ನಿವೃತ್ತನಾದವನಿಗೆ ಆ ಒಂದು ಮಾತು ಬಾಯಿಗೆ ಬಂದಿರಲಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವನಿಗೆ ತಿಳಿಯುತ್ತದೆ. ಆ ವರ್ಷದ ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಅವನಿಗೆ ತಲುಪಿಸಿ. ಎಡ ಹಾಫ್ ಜಾಗ ನಿನ್ನದೇ ಆಗಿತ್ತು, ಮಗು. ತಪ್ಪು ನನ್ನದು.