ಖಾರ ಸಾಲದ ಹೊಗೆಸೊಪ್ಪು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿ ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲ. ಕಬ್ಬು, ಭತ್ತ, ರಾಗಿ, ತೆಂಗು ಇಲ್ಲಿನ ಬದುಕು. ಆದರೂ ಹೊಗೆಸೊಪ್ಪಿನ ಗುಣದೋಷ ಹೇಳಬಲ್ಲ ನಾಲಿಗೆಗಳಿಗೆ ಈ ಕಡೆ ಬರವಿಲ್ಲ. ಸಂತೆಯಲ್ಲಿ ಕಂತೆ ಬಿಚ್ಚಿಟ್ಟ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಹಿರಿಯರು ಒಂದು ಚೂರು ಮುರಿದು, ಮೂಸಿ, ದವಡೆಗಿಟ್ಟು ನೋಡುತ್ತಾರೆ. "ಖಾರವೇ ಇಲ್ಲ ಕಣಪ್ಪ, ಬೇರೆ ಸೊಪ್ಪು ತೆಗಿ" ಅಂದರೆ ವ್ಯಾಪಾರ ಅಲ್ಲಿಗೇ ನಿಂತಿತು.

ಬೆರಕೆಯ ಕೆಲಸವೂ ಅವರದೇ. ಎಲೆಯ ನರ ಎಳೆದು ಬಿಸಾಕಿ, ಉಳಿದದ್ದನ್ನು ಅಂಗೈ ಮೇಲೆ ಪುಡಿ ಮಾಡಿ, ಬೆರಳ ತುದಿಯ ಸುಣ್ಣ ಸವರಿ, ಹೆಬ್ಬೆರಳಲ್ಲಿ ಗಸಗಸ ತಿಕ್ಕುತ್ತಾರೆ. ಒಬ್ಬರಿಗೆ ಸೊಪ್ಪೇ ಮುಂದಿರಬೇಕು, ಇನ್ನೊಬ್ಬರಿಗೆ ಕಡ್ಡಿಪುಡಿ ಬೆರೆಯದಿದ್ದರೆ ಸಮಾಧಾನವಿಲ್ಲ. ಸುಣ್ಣದ ಕ್ಷಾರಕ್ಕೆ ನಿಕೋಟಿನ್ ಬಿಡುಗಡೆಯಾಗಿ ಬಾಯೊಳಗಿನ ತೆಳುಚರ್ಮದಿಂದ ಬೇಗ ರಕ್ತಕ್ಕೆ ಇಳಿಯುತ್ತದೆ ಎನ್ನುವುದು ರಸಾಯನಶಾಸ್ತ್ರದ ಮಾತು. ಜಗಲಿಯ ಮೇಲೆ ಅದಕ್ಕೆ "ಏರ್ತದೆ" ಅಂದರೆ ಸಾಕು.

ಹಳ್ಳಿ ಬಿಟ್ಟು ಬೆಂಗಳೂರು ಸೇರಿದ ಹುಡುಗರಲ್ಲಿ ಕೆಲವರು ಈಗ ಇದೇ ಆಟವನ್ನು ಬೇರೆ ಸಾಮಾನಿನಲ್ಲಿ ಆಡುತ್ತಾರೆ. ಜೇಬಿನಲ್ಲೊಂದು ತಂಬಾಕಿನ ಪೊಟ್ಟಣ, ಅಂಚಿಗೆ ಅಂಟು ಬಳಿದ ತೆಳು ಕಾಗದ, ಪುಟ್ಟ ಫಿಲ್ಟರ್. ಸಿಗರೇಟನ್ನು ತಾವೇ ಸುತ್ತಬೇಕು, ಪ್ರತಿಸಲವೂ ಹೊಸ ಮಿಶ್ರಣ ನೋಡಬೇಕು ಎಂಬ ಹುಕಿ. ಪೊಟ್ಟಣದ ಮೇಲಿನ ಹೆಸರುಗಳೆಲ್ಲ ದೂರದೇಶದವು. ಒಳಗಿನ ಎಲೆಯ ನಂಟರು ಮಾತ್ರ ಪಕ್ಕದ ಮೈಸೂರು ಜಿಲ್ಲೆಯಲ್ಲೇ ಇದ್ದಾರೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕೆಂಪುನೆಲದಲ್ಲಿ ಬೆಳೆಯುವುದು ವರ್ಜೀನಿಯಾ ತಂಬಾಕು. ರೈತರು ಹಸಿರೆಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಒಣಗಿಸುವ ಮನೆಯೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಹೊರಗೆ ಒಲೆಗೆ ಸೌದೆ. ಬಿಸಿ ಮಾತ್ರ ಕೊಳವೆಗಳಲ್ಲಿ ಒಳಗೆ ಹರಿಯುತ್ತದೆ, ಹೊಗೆ ಎಲೆಗೆ ತಾಕುವುದಿಲ್ಲ. ಮೊದಲು ಹದವಾದ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು. ಎಲೆಯ ಪಿಷ್ಟ ಸಕ್ಕರೆಯಾಗುವುದು ಆಗಲೇ. ಆಮೇಲೆ ಶಾಖ ಏರಿಸಿ ಎಲೆ ಒಣಗಿಸಿ, ಕೊನೆಗೆ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಡುನರವನ್ನೂ ಒಣಗಿಸಿದರೆ ಆ ಸಿಹಿ ಅಲ್ಲೇ ಉಳಿಯುತ್ತದೆ. ಐದಾರು ದಿನ ರಾತ್ರಿ ನಿದ್ದೆಗೆಟ್ಟು ಕಾಯುವ ಕೆಲಸ. ಸ್ವಲ್ಪ ಎಚ್ಚರ ತಪ್ಪಿದರೆ ಬಣ್ಣ ಕೆಟ್ಟು, ಕಟ್ಟೆಮಳಲವಾಡಿಯದೋ ಚಿಲ್ಕುಂದದ್ದೋ ಹರಾಜುಕಟ್ಟೆಯಲ್ಲಿ ದರ ಕುಸಿಯುತ್ತದೆ.

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ದಾರಿಯೇ ಬೇರೆ. ಅಲ್ಲಿನ ಕಪ್ಪುನೆಲದ ಬೀಡಿ ತಂಬಾಕು ಬಿಸಿಲಲ್ಲೇ ಒಣಗುತ್ತದೆ. ಅದು ಖಡಕ್ಕು ಜಾತಿ: ಸಿಹಿ ಕಡಿಮೆ, ನಿಕೋಟಿನ್ ಹೆಚ್ಚು. ಬೀಡಿ ಕಂಪನಿಗಳು ಬೇರೆಬೇರೆ ಊರಿನ ಸೊಪ್ಪನ್ನು ಕೂಡಿಸಿ ತಮ್ಮ ತಮ್ಮ ರುಚಿ ಕಟ್ಟಿಕೊಳ್ಳುತ್ತವೆ, ಆ ಲೆಕ್ಕ ಹೊರಗೆ ಬಿಡುವುದಿಲ್ಲ. ಮೊರ ತೊಡೆಯ ಮೇಲಿಟ್ಟುಕೊಂಡು, ನೆನೆಸಿದ ಬೀಡಿ ಎಲೆ ಕತ್ತರಿಸಿ, ಚಿಟಿಕೆ ತಂಬಾಕು ಹರಡಿ, ಸುತ್ತಿ, ತಲೆ ಮಡಚಿ, ದಾರ ಬಿಗಿಯುವ ಹೆಂಗಸರಿಗೆ ಸಿಗುವುದು ಬೆರೆಸಿಟ್ಟ ಪುಡಿ, ಸಾವಿರಕ್ಕೆ ಇಷ್ಟೆಂಬ ಕೂಲಿ. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ನಿಪ್ಪಾಣಿಯ ಬೆಳೆಗಾರರು ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತಾಗ ಗೋಲಿಬಾರ್ ನಡೆದು ಸಾವುಗಳಾದವು. ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಂಗಸರ ಹೋರಾಟದ ಬಗ್ಗೆ ಯುಗಾಂತರ್ ಎಂಬ ಚಿತ್ರತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು.

ಆ ಹುಡುಗರು ಹುಡುಕುವ ಹೊಸ ಮಿಶ್ರಣ ಎಂದರೆ ಹೆಚ್ಚುಕಡಿಮೆ ಇಷ್ಟೇ: ಸಿಹಿಯ ವರ್ಜೀನಿಯಾ ಎಷ್ಟು, ಖಡಕ್ಕು ಎಲೆ ಎಷ್ಟು. 1913ರಲ್ಲಿ ಅಮೆರಿಕದಲ್ಲಿ ಬಂದ ಕ್ಯಾಮೆಲ್ ಸಿಗರೇಟು ವರ್ಜೀನಿಯಾ, ಬರ್ಲಿ, ಟರ್ಕಿ ಕಡೆಯ ಎಲೆ ಸೇರಿಸಿ ಹೆಸರು ಮಾಡಿತು. ಬರ್ಲಿಯನ್ನು ನೆರಳುಗಾಳಿಯಲ್ಲಿ ಒಣಗಿಸುವುದರಿಂದ ಅದರಲ್ಲಿ ಸಕ್ಕರೆ ಉಳಿಯುವುದಿಲ್ಲ. ಆದರೆ ಹೊರಗಿನಿಂದ ಹಾಕಿದ ಪಾಕವನ್ನು ಚೆನ್ನಾಗಿ ಹೀರುತ್ತದೆ. ಉತ್ತರ ಹಿಂದೂಸ್ತಾನದ ಹುಕ್ಕಾದವರು ಕಾಕಂಬಿ, ಬೆಲ್ಲ ಹಾಕಿ ತಂಬಾಕು ಕುಟ್ಟುತ್ತಿದ್ದುದೂ ಇದೇ ಲೆಕ್ಕದಲ್ಲಿ. ಆಲೆಮನೆಗಳ ಮಂಡ್ಯ ಜಿಲ್ಲೆಯವರಿಗೆ ಪಾಕದ ಹದ ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಬೆಲ್ಲವನ್ನು ಹೋಳಿಗೆಗೆ ಇಟ್ಟುಕೊಂಡರು.

ಹೊಸ ಸೊಪ್ಪಿನ ಮೋಹ ಈ ನಾಡಿಗೆ ಹಳೆಯದು. 17ನೇ ಶತಮಾನದ ಶುರುವಿನಲ್ಲಿ ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದಲ್ಲಿ ತಂಬಾಕು ಕಂಡು ಬೆರಗಾಗಿ, ರತ್ನ ಕೆತ್ತಿದ ಕೊಳವೆ ಮಾಡಿಸಿ ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ. ಗುಣ ಗೊತ್ತಿಲ್ಲದ ವಸ್ತು, ಬೇಡ ಎಂದು ಹಕೀಮ ತಡೆದ. ಬಾದಶಹ ಬಿಟ್ಟ, ಆಸ್ಥಾನದ ಅಮೀರರು ಹಿಡಿದರು.

ಹಕೀಮನಿಗೆ ಗೊತ್ತಿಲ್ಲದ್ದು ಈಗ ಎಲ್ಲರಿಗೂ ಗೊತ್ತು. ಕೈಯಲ್ಲಿ ಸುತ್ತಿದ್ದು ಶುದ್ಧ, ಹಾಗಾಗಿ ಅಪಾಯ ಕಡಿಮೆ ಎಂಬ ಮಾತು ಹುಡುಗರಲ್ಲಿ ಚಾಲ್ತಿಯಲ್ಲಿದೆ, ಅದಕ್ಕೆ ಆಧಾರವಿಲ್ಲ. ಯಾವ ಎಲೆ ಉರಿದರೂ ಟಾರು, ಕಾರ್ಬನ್ ಮಾನಾಕ್ಸೈಡು ಬಂದೇ ಬರುತ್ತವೆ. ಬೆರೆಸಿದ ಸಕ್ಕರೆ ಸುಟ್ಟರೆ ಅಸಿಟಾಲ್ಡಿಹೈಡು. ಜಗಲಿಯವರ ಹೊಗೆಯಿಲ್ಲದ ಸೊಪ್ಪಿಗೂ ಬಾಯಿ ಕ್ಯಾನ್ಸರಿಗೂ ಇರುವ ನಂಟು ಸಾಬೀತಾಗಿ ಎಷ್ಟೋ ಕಾಲವಾಯಿತು. 2016ರಿಂದ ಪೊಟ್ಟಣದ ಶೇ 85ರಷ್ಟು ಜಾಗ ಎಚ್ಚರಿಕೆಯ ಚಿತ್ರ, ಬರಹಕ್ಕೆ ಮೀಸಲು. ಕರ್ನಾಟಕದ ತಿದ್ದುಪಡಿ ಕಾಯ್ದೆಯ ಪ್ರಕಾರ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಮಿಶ್ರಣದ ಹೆಸರಿಗೆ ಉಳಿದಿರುವುದು ಆ ಎಚ್ಚರಿಕೆಯ ಕೆಳಗಿನ ಪಟ್ಟಿಯಷ್ಟು ಜಾಗ.