ಸೋಡಾ ಗಾಡಿಯ ಲೆಕ್ಕ

ಬೆಂಗಳೂರಿನಂಥ ಊರುಗಳಲ್ಲಿ ಈಗ ಬಾರನ್ನೇ ವ್ಯಾನಿಗೆ ಹೇರಿಕೊಂಡು ಮದುವೆಮನೆಗೆ ಹೋಗುವ ಕಸುಬೊಂದು ಬಂದಿದೆ. ಮಡಚುವ ಮೇಜು, ಗಾಜಿನ ಲೋಟ, ಐಸಿನ ಪೆಟ್ಟಿಗೆ, ನಿಂಬೆಹಣ್ಣು, ಬಣ್ಣದ ದೀಪ, ಸಾಲಾಗಿ ನಿಲ್ಲಿಸಿದ ಶೀಶೆಗಳು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಪಡೆಯದೆ ಆ ಶೀಶೆಗಳ ಬಿರಡೆ ತೆಗೆಯುವ ಹಾಗಿಲ್ಲ. ಓದುವ ಮಕ್ಕಳಿರುವ ಮನೆಯಲ್ಲಿ ಅದರ ಮಾತು ಅಷ್ಟು ಸಾಕು. ಆದರೆ ಆ ಪಟ್ಟಿಯಿಂದ ಮದ್ಯವೊಂದನ್ನು ತೆಗೆದಿಟ್ಟು ನೋಡಿ. ಉಳಿಯುವ ತಾಪತ್ರಯವೆಲ್ಲ, ಅಂದರೆ ಐಸು, ಗಾಜು, ನೀರು, ಸಾಗಾಟ, ಖಾಲಿ ಬಾಟಲಿ ಇವೆಲ್ಲ, ಶಿಕಾರಿಪುರ ಮತ್ತು ಸೊರಬದ ಜಾತ್ರೆಗಳಿಗೆ ಹಳೆಯ ನೆಂಟರು. ಅಲ್ಲಿ ಅದಕ್ಕೆ ಗೋಲಿ ಸೋಡಾದ ಗಾಡಿ ಎಂದು ಹೆಸರು.

ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಯ ತೇರು, ಸೊರಬದಲ್ಲಿ ರಂಗನಾಥಸ್ವಾಮಿಯ ತೇರು, ಅಲ್ಲಿಂದ ಮುಂದೆ ಚಂದ್ರಗುತ್ತಿಯ ಗುಡ್ಡದಲ್ಲಿ ರೇಣುಕಾಂಬೆಯ ಜಾತ್ರೆ, ನಡುವೆ ಹಳ್ಳಿಹಳ್ಳಿಯ ಮಾರಿಹಬ್ಬ, ಮದುವೆ, ಕಬಡ್ಡಿ ಪಂದ್ಯ. ಬೇಸಿಗೆ ಬಿಸಿಯಾಗುವ ಎರಡು ಎರಡೂವರೆ ತಿಂಗಳಲ್ಲಿ ಸೋಡಾದವರು ವರ್ಷದ ಅನ್ನ ದುಡಿದುಕೊಳ್ಳಬೇಕು. ಮೊದಲ ಮಳೆ ಬಿತ್ತೆಂದರೆ ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಸೋಡಾ ಕೇಳುವವರಿಲ್ಲ. ಎಲ್ಲರಿಗೂ ಬಿಸಿ ಚಹಾ ಬೇಕು. ದೇವರು ಜಾತ್ರೆಗಳನ್ನು ಬೇಸಿಗೆಗೆ ಇಟ್ಟ. ಪರೀಕ್ಷಾ ಮಂಡಳಿಯವರು ಪರೀಕ್ಷೆಯನ್ನೂ ಅದೇ ಬೇಸಿಗೆಗೆ ಇಟ್ಟರು. ಸೋಡಾದವರ ಮನೆಯ ಕಷ್ಟವೆಲ್ಲ ಈ ಎರಡು ವಾಕ್ಯಗಳಲ್ಲಿದೆ.

ಶಿಕಾರಿಪುರದ ಅಂಥ ಒಂದು ಮನೆಯಲ್ಲಿ ತಂದೆ, ತಾಯಿ, ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳು, ಅವಳಿಗಿಂತ ಚಿಕ್ಕವನೊಬ್ಬ ತಮ್ಮ. ಮನೆಯ ಹಿಂದಿನ ತಗಡಿನ ಮಾಡಿನಡಿ ಸೋಡಾ ತುಂಬುವ ಕೈಯಂತ್ರ. ಅಂಥ ಯಂತ್ರ ಇಟ್ಟುಕೊಂಡವರು ಈಗ ಕಡಿಮೆ. ನೀರು ತುಂಬಿದ ಬಾಟಲಿಗಳನ್ನು ಯಂತ್ರದ ತೊಟ್ಟಿಲಲ್ಲಿ ಮಲಗಿಸಿ, ಸಿಲಿಂಡರಿನ ಗ್ಯಾಸು ಬಿಟ್ಟು, ಹಿಡಿಕೆ ತಿರುಗಿಸಿದರೆ ತೊಟ್ಟಿಲು ಗಿರ್ರನೆ ಸುತ್ತುತ್ತದೆ. ಬಾಟಲಿ ತಲೆಕೆಳಗಾದಾಗ ಗೋಲಿ ಉರುಳಿ ಕತ್ತಿಗೆ ಬರುತ್ತದೆ. ಒಳಗಿನ ಒತ್ತಡ ಅದನ್ನು ಬಾಯಿಯ ರಬ್ಬರ್ ಉಂಗುರಕ್ಕೆ ಅದುಮಿ ಹಿಡಿಯುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ. ಸೋಡಾ ತನ್ನ ಬಾಗಿಲನ್ನು ತಾನೇ ಹಾಕಿಕೊಳ್ಳುತ್ತದೆ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ಈ ಬಾಟಲಿಗೆ ಪೇಟೆಂಟ್ ಪಡೆದ. ಕುಡಿಯುವಾಗ ಗೋಲಿ ಮತ್ತೆ ಬಂದು ಬಾಯಿ ಮುಚ್ಚದಿರಲೆಂದು ಕತ್ತಿನ ಹತ್ತಿರ ಚಿವುಟಿದಂತೆ ಎರಡು ಗುಳಿ ಮಾಡಿದ್ದಾರೆ. ಆ ಗುಳಿ ಕೆಳಗಿರುವಂತೆ ಬಾಟಲಿ ಹಿಡಿದರೆ ಗೋಲಿ ಅಲ್ಲೇ ಕೂರುತ್ತದೆ. ಇದು ಗೊತ್ತಿಲ್ಲದವರು ಜಾತ್ರೆಯಲ್ಲಿ ಸೋಡಾವನ್ನು ಅಂಗಿಗೆ ಕುಡಿಸುತ್ತಾರೆ.

ಇಲ್ಲೊಂದು ತಮಾಷೆಯಿದೆ. ಮದ್ಯದ ಮಾತು ಸಾಕೆಂದೆವಲ್ಲ, ಸೋಡಾದ ಜಾತಕ ಬಿಡಿಸಿದರೆ ಅದೇ ಎದುರಾಗುತ್ತದೆ. 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬಿಯರ್ ತಯಾರಿಸುವ ಕಟ್ಟಡದ ಪಕ್ಕದ ಮನೆಯಲ್ಲಿದ್ದ. ಹುಳಿಯುತ್ತಿದ್ದ ಬಿಯರಿನ ತೊಟ್ಟಿಯ ಮೇಲೆ ನಿಲ್ಲುವ ಗಾಳಿಯಲ್ಲಿ ನೀರು ಇಟ್ಟು ನೋಡಿದ. ನೀರಿಗೆ ಚುರುಗುಟ್ಟುವ ರುಚಿ ಬಂತು. ಅದು ಇಂಗಾಲದ ಡೈಆಕ್ಸೈಡ್. ಮುಂದೆ 1783ರಲ್ಲಿ ಜಿನೀವಾದ ಶ್ವೆಪ್ಪ್ ಅದನ್ನು ವ್ಯಾಪಾರ ಮಾಡಿದ. ಬಿಯರಿನ ತೊಟ್ಟಿಯ ಮೇಲೆ ಹುಟ್ಟಿದ ಕೂಸು ನಮ್ಮಲ್ಲಿ ಜಾತ್ರೆಗೆ ಬಂದು, ನಿಂಬೆಹಣ್ಣು ಉಪ್ಪು ಸೇರಿಸಿಕೊಂಡು, ಅಜೀರ್ಣಕ್ಕೆ ಔಷಧಿಯೆಂಬ ಮರ್ಯಾದೆ ಗಳಿಸಿತು.

ಮನೆಯ ಕಥೆಗೆ ಬರೋಣ. ಚಂದ್ರಗುತ್ತಿಗೆ ಹೊರಡುವ ಗಾಡಿಗೆ ಹತ್ತು ಕ್ರೇಟು ಏರುತ್ತವೆ, ಕ್ರೇಟಿಗೆ 24ರಂತೆ 240 ಬಾಟಲಿ. ಒಂದೊಂದರಲ್ಲಿ 200 ಮಿಲಿಲೀಟರ್ ಎಂದರೆ ಒಟ್ಟು 48 ಲೀಟರ್. ಎರಡು ಕೊಡ ಚಿಲ್ಲರೆ ನೀರಿಗೆ ಲಗೇಜ್ ಆಟೋ ಯಾಕೆ ಎಂದು ಕೇಳಬಹುದು. ಸೋಡಾದವನು ಹೊರುವುದು ನೀರನ್ನಲ್ಲ, ಗಾಜನ್ನು. ಒತ್ತಡ ತಡೆಯಬೇಕಾದ ಗಾಜು ದಪ್ಪ. ಒಳಗಿನ ಸೋಡಾಕ್ಕಿಂತ ಬಾಟಲಿಯೇ ಭಾರ. ಜೊತೆಗೆ ಕುಡಿಯುವ ನೀರಿನ ಕ್ಯಾನು, ಬಾಟಲಿ ಅದ್ದಿ ತೊಳೆಯುವ ಎರಡು ಬಕೆಟ್ಟು, ನಿಂಬೆಹಣ್ಣಿನ ಚೀಲ, ಜೀರಿಗೆ ಉಪ್ಪಿನ ಡಬ್ಬಿ, ಸಕ್ಕರೆಪಾಕ, ಜಜ್ಜಿದ ಶುಂಠಿಯ ರಸ. ಶುಂಠಿಗೆ ಈ ಎರಡು ತಾಲ್ಲೂಕುಗಳಲ್ಲಿ ಬರವಿಲ್ಲ. ಸೊರಬದ ಕಡೆಯ ಗಿರಾಕಿಗಳಿಗೆಂದು ಮುರುಗಲು ಹಣ್ಣಿನ ಶರಬತ್ತಿನ ಎರಡು ಬಾಟಲಿ ಬೇರೆ. ಇವೆಲ್ಲಕ್ಕಿಂತ ಮುಖ್ಯ ಐಸು.

ತಂದೆ ಪ್ರತಿ ಸಲ ಐವತ್ತು ಕೆ.ಜಿ. ಐಸು ಕೊಳ್ಳುತ್ತಿದ್ದರು. ವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದ ಮಗಳಿಗೆ ಅದು ದಂಡ ಎನಿಸಿತು. ಒಂದು ಕೆ.ಜಿ. ಐಸು ಕರಗುವಾಗ 80 ಕಿಲೋ ಕ್ಯಾಲರಿ ಶಾಖ ಹೀರುತ್ತದೆ. 48 ಲೀಟರ್ ಸೋಡಾವನ್ನು 30 ಡಿಗ್ರಿಯಿಂದ 10ಕ್ಕೆ ಇಳಿಸಲು 960 ಕಿಲೋ ಕ್ಯಾಲರಿ ತೆಗೆಯಬೇಕು. ಭಾಗಿಸಿದರೆ ಹನ್ನೆರಡು ಕೆ.ಜಿ.

"ಅಪ್ಪಾ, ಹನ್ನೆರಡು ಕೆ.ಜಿ. ಸಾಕು. ನೀನು ನಾಕರಷ್ಟು ತರ್ತಿದೀಯ."

ತಂದೆ ಬೀಡಿ ಆರಿಸಿ ನಕ್ಕರು. "ನೀರು ತಣ್ಣಗಾಯ್ತು. ಬಾಟ್ಲಿ ತಣ್ಣಗಾಗೋದು ಬ್ಯಾಡೇನವ್ವಾ?"

ಹುಡುಗಿ ಗಾಜನ್ನು ಮರೆತಿದ್ದಳು. ಬಾಟಲಿಗೆ 400 ಗ್ರಾಂ ಗಾಜು ಎಂದಿಟ್ಟುಕೊಂಡರೆ ಒಟ್ಟು 96 ಕೆ.ಜಿ. ಗಾಜಿನ ವಿಶಿಷ್ಟ ಶಾಖ ನೀರಿನ ಐದರಲ್ಲೊಂದು ಪಾಲು. ಮತ್ತೆ ಲೆಕ್ಕ ಹಾಕಿದಾಗ ಇನ್ನೂ ಐದು ಕೆ.ಜಿ.ಯಷ್ಟು ಸೇರಿ ಹದಿನೇಳಾಯಿತು. ಉಳಿದ ಮೂವತ್ತಮೂರು? ಅದು ಶಿರಾಳಕೊಪ್ಪದ ದಾರಿಯ ಬಿಸಿಲಿಗೆ, ಮಧ್ಯಾಹ್ನದ ಗಾಳಿಗೆ, ಗಿರಾಕಿಗೊಮ್ಮೆ ತೆರೆಯುವ ಪೆಟ್ಟಿಗೆಯ ಮುಚ್ಚಳಕ್ಕೆ. ಪುಸ್ತಕದಲ್ಲಿ ಈ ಗಿರಾಕಿಗಳಿಲ್ಲ. ಆದರೂ ಹುಡುಗಿಯ ಲೆಕ್ಕ ದಂಡವಾಗಲಿಲ್ಲ. ಮೂವತ್ತಮೂರು ಕೆ.ಜಿ. ಸುಮ್ಮನೆ ಕರಗುತ್ತದೆಂದು ಕಾಗದದ ಮೇಲೆ ಕಂಡ ಮೇಲೆ ತಂದೆ ಅಕ್ಕಿ ಗಿರಣಿಯಿಂದ ಇನ್ನೆರಡು ಚೀಲ ಭತ್ತದ ಹೊಟ್ಟು ತಂದರು. ಪೆಟ್ಟಿಗೆಯ ಸುತ್ತ ಗೇಣುದ್ದ ದಪ್ಪಕ್ಕೆ ತುಂಬಿ, ಮೇಲೆ ಗೋಣಿತಾಟು ಹೊದೆಸಿದರು. ಹೊಟ್ಟಿನ ನಡುವೆ ಸಿಕ್ಕಿಬಿದ್ದ ಗಾಳಿ ಹೊರಗಿನ ಶಾಖವನ್ನು ಒಳಗೆ ಬಿಡುವುದಿಲ್ಲ. ಆ ಸಲ ಮೂವತ್ತೈದು ಕೆ.ಜಿ. ಐಸು ಸಾಲುತ್ತದೆಂದು ಒಪ್ಪಿದರು.

ಹೊಟ್ಟಿನ ಮಹಿಮೆ ಸಣ್ಣದಲ್ಲ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಕೆರೆಯ ಐಸನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಾಯಿಹಡಗಿನಲ್ಲಿ ಕಲ್ಕತ್ತಕ್ಕೆ ಕಳಿಸಿದ. ಹೊರಟದ್ದು 180 ಟನ್. ನಾಲ್ಕು ತಿಂಗಳು ಸಮುದ್ರದ ಮೇಲಿದ್ದು, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ ಬಂದಾಗ ಸುಮಾರು ನೂರು ಟನ್ ಉಳಿದಿತ್ತು. ಶಿಕಾರಿಪುರದಿಂದ ಚಂದ್ರಗುತ್ತಿಗೆ ಹೋಗುವವನು ಹೆದರಬೇಕಾದ್ದಿಲ್ಲ.

ತಣ್ಣಗಿಡುವುದು ಬರೀ ರುಚಿಗಲ್ಲ. ನೀರು ಬಿಸಿಯಾದಷ್ಟೂ ಕರಗಿದ ಗ್ಯಾಸು ಹೊರಬರಲು ಹವಣಿಸುತ್ತದೆ, ಒತ್ತಡ ಏರುತ್ತದೆ, ಬಿಸಿಲಿಗಿಟ್ಟ ಬಾಟಲಿ ಒಡೆಯುತ್ತದೆ. ತುಂಬುವ ಯಂತ್ರಕ್ಕೆ ಕಬ್ಬಿಣದ ಮುಚ್ಚಳ ಇರುವುದೂ ಒಡೆದ ಚೂರು ಕಣ್ಣಿಗೆ ಹಾರದಿರಲೆಂದೇ. ಅದನ್ನು ಹಾಕದೆ ಹಿಡಿಕೆ ತಿರುಗಿಸಲು ಆ ಮನೆಯಲ್ಲಿ ಯಾರಿಗೂ ಅಪ್ಪಣೆಯಿರಲಿಲ್ಲ. ಚಿಕ್ಕ ಮಗನಿಗಂತೂ ತಗಡಿನ ಮಾಡಿನೊಳಗೆ ಕಾಲಿಡುವುದಕ್ಕೇ ಇರಲಿಲ್ಲ. ಇನ್ನೊಂದು ಕಟ್ಟುನಿಟ್ಟು ತಾಯಿಯದು. ಮೀನಿನ ಪೆಟ್ಟಿಗೆಗೆ ಹಾಕುವ ಐಸು ಬಾಟಲಿಯ ಹೊರಗೆ ತಾಗಬಹುದು, ಲೋಟದ ಒಳಗೆ ಬೀಳಬಾರದು. "ಯಾರ ಮನಿ ಕೂಸೋ ಏನೋ, ಕುಡಿದು ಮಲಗಿದ್ರೆ ಪಾಪ ನಮಗೆ ಸುತ್ತಿಕೊಳ್ತದೆ ಕಣ್ರೀ," ಎನ್ನುತ್ತಿದ್ದರು ಆಕೆ. ಆಹಾರ ಸುರಕ್ಷತೆಯ ಕಾಯ್ದೆ ಬಂದದ್ದು 2006ರಲ್ಲಿ. ಬೀದಿಯ ಸಣ್ಣ ವ್ಯಾಪಾರಿಯೂ ನೋಂದಣಿ ಮಾಡಿಸಬೇಕೆಂದು ಅದು ಹೇಳುತ್ತದೆ. ಆಕೆ ಹೇಳುವುದನ್ನು ಯಾವ ಕಾಯ್ದೆಯೂ ಅಷ್ಟು ಚುಟುಕಾಗಿ ಹೇಳಿಲ್ಲ.

ಐಸು ಕರಗಿದರೆ ಹೋಯಿತು, ನಿಂಬೆ ಬಾಡಿದರೆ ಹೋಯಿತು. ನಿಜವಾದ ನಷ್ಟ ಬಾಟಲಿಯದು. ಸೋಡಾ ಮಾರಿದ ಲಾಭ ಚಿಲ್ಲರೆಯಲ್ಲಿ ಬರುತ್ತದೆ. ಒಂದು ಬಾಟಲಿ ಹಿಂದೆ ಬಾರದಿದ್ದರೆ ಹತ್ತಾರು ಬಾಟಲಿಯ ಲಾಭವನ್ನು ಕಟ್ಟಿಕೊಂಡು ಹೋಗುತ್ತದೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ಸ್ಟ್ರಾ ನಿಷೇಧವಾದಾಗ ಶರಬತ್ತಿನವರು ಪೇಚಾಡಿದರು, ಗೋಲಿ ಸೋಡಾದವರಿಗೆ ಚಿಂತೆಯಿರಲಿಲ್ಲ, ಬಾಟಲಿಯೇ ಲೋಟ. ಆದರೆ ಆ ಲೋಟ ಗಿರಾಕಿಯ ಕೈಹಿಡಿದು ಜಾತ್ರೆ ಸುತ್ತಲು ಹೋಗುತ್ತದಲ್ಲ! ತೊಟ್ಟಿಲ ಆಟದ ಹತ್ತಿರ ಒಬ್ಬ, ಬಳೆ ಅಂಗಡಿಯಲ್ಲಿ ಮೂವರು, ಗುಡ್ಡದ ಮೆಟ್ಟಿಲ ಮೇಲೆ ಇಡೀ ಸಂಸಾರ. ಗಾಜಿನೊಳಗಿನ ಗೋಲಿಯ ಆಸೆಗೆ ಬಾಟಲಿಯನ್ನೇ ಕಲ್ಲಿಗೆ ಅಪ್ಪಳಿಸುವ ಹುಡುಗರ ಪಡೆಯೊಂದು ಎಲ್ಲ ಜಾತ್ರೆಯಲ್ಲೂ ಇದ್ದೇ ಇರುತ್ತದೆ.

ಯಾರು ಎಲ್ಲಿಗೆ ಒಯ್ದರೆಂದು ನೆನಪಿಡುತ್ತಿದ್ದವಳು ಮಗಳು. ನಾಲ್ಕು ವರ್ಷದಿಂದ ರಜೆಯಲ್ಲಿ, ಭಾನುವಾರಗಳಲ್ಲಿ ಗಾಡಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳು ಮಾಡುತ್ತಿದ್ದುದು ಅದೊಂದೇ ಕೆಲಸ. "ಅಣ್ಣಾ, ಹಸಿರು ಅಂಗಿ, ನಾಕು ಬಾಟ್ಲಿ ಬರ್ಬೇಕು" ಎಂದು ಕೂಗಿದರೆ ಹಸಿರು ಅಂಗಿಯವನು ನಾಚಿಕೊಂಡು ತಂದಿಡುತ್ತಿದ್ದ. ಅವಳಿದ್ದ ದಿನ ಎರಡೋ ಮೂರೋ ಹೋಗುತ್ತಿದ್ದವು. ಇಲ್ಲದ ದಿನ ಇಪ್ಪತ್ತು ದಾಟುತ್ತಿತ್ತು. ಈ ಸಲ ಜಾತ್ರೆಯ ದಿನಕ್ಕೂ ಪರೀಕ್ಷೆಗೂ ನಡುವೆ ಇದ್ದದ್ದು ಒಂದು ವಾರ. ಹೋದರೆ ಮೂರು ದಿನ ಹೋಯಿತು. ಹೋಗದಿದ್ದರೆ ಜೂನಿನಲ್ಲಿ ಅವಳನ್ನೇ ಕಾಲೇಜಿಗೆ ಸೇರಿಸಲು ಇಡಬೇಕಾದ ಹಣ ಗುಡ್ಡದ ಬಂಡೆಗಳ ನಡುವೆ ಚೂರಾಗಿ ಬೀಳುತ್ತದೆ. ತಂದೆ ಬಾಯಿಬಿಟ್ಟು ಕರೆಯಲಿಲ್ಲ. ಕರೆಯದೆಯೂ ಇರಲಾರದೆ, ಎರಡು ದಿನ ಕ್ರೇಟುಗಳನ್ನು ಸುಮ್ಮನೆ ಅಲ್ಲಿಂದಿಲ್ಲಿಗೆ ಇಟ್ಟರು. ಬಡ ಮನೆಗಳಲ್ಲಿ ಮಕ್ಕಳ ಓದಿನ ಪ್ರಶ್ನೆ ಹೀಗೆ ಸದ್ದಿಲ್ಲದೆ ಎದ್ದು ನಿಲ್ಲುತ್ತದೆ. ಇಂಥಲ್ಲಿ ಕೂಗಾಡುವವರಿಗಿಂತ ಸುಮ್ಮನಿರುವ ಅಪ್ಪಂದಿರನ್ನು ಎದುರಿಸುವುದು ಕಷ್ಟ.

ಮೂರನೆಯ ದಿನ ಹುಡುಗಿ ಅಡುಗೆಮನೆಯಿಂದ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ, ಒಂದು ಬೋರ್ನ್‌ವೀಟಾ ಡಬ್ಬಿ ತಂದಳು. ಹಿಂದೆ ಒಡೆದ ಬಾಟಲಿಗಳ ಗೋಲಿಗಳು ಮನೆಯಲ್ಲಿ ಐವತ್ತು ಅರವತ್ತು ಇದ್ದವು. ತಮ್ಮನಿಂದ ಕಿತ್ತುಕೊಂಡು ಅವನ್ನೆಲ್ಲ ಹಾರ್ಲಿಕ್ಸ್ ಬಾಟಲಿಗೆ ತುಂಬಿದಳು.

"ಗಿರಾಕಿ ಬಾಟ್ಲಿ ಹಿಡ್ಕೊಂಡು ಆಚೆ ಹೋದ್ರೆ ಒಂದು ಗೋಲಿ ತೆಗೆದು ಡಬ್ಬಿಗೆ ಹಾಕು. ವಾಪಸ್ ಬಂದ್ರೆ ಡಬ್ಬಿಯಿಂದ ತೆಗೆದು ಇದಕ್ಕೆ ಹಾಕು. ಡಬ್ಬಿ ಭಾರ ಆಯ್ತು ಅಂದ್ರೆ ನಿಲ್ಲಿಸಿ, ಒಂದು ಸುತ್ತು ಹೋಗಿ ಖಾಲಿ ಆರಿಸ್ಕೊಂಡು ಬಾ."

"ಹಸಿರಂಗಿ ಯಾರು, ಕೆಂಪಂಗಿ ಯಾರು ಅಂತ ಡಬ್ಬಿ ಹೇಳ್ತದಾ?"

"ಅದು ಹೇಳಲ್ಲಪ್ಪಾ. ಎಷ್ಟು ಅಂತ ಹೇಳ್ತದೆ."

ಅವರು ಹೋದರು. ಶಿರಾಳಕೊಪ್ಪ ದಾಟಿದರೆ ಬಳ್ಳಿಗಾವಿ, ತಾಳಗುಂದ ಹತ್ತಿರವೇ. ಕದಂಬರ ಸ್ತಂಭಶಾಸನ ಎಂದು ಹುಡುಗಿಯ ಇತಿಹಾಸದ ಪುಸ್ತಕದಲ್ಲಿ ಬರುವ ಊರು. ಸೋಡಾ ಗಾಡಿಗೆ ಕದಂಬರಿಗಿಂತ ರಸ್ತೆಯ ಹೊಂಡಗಳ ಗೊಡವೆ ಹೆಚ್ಚು. ಮನೆಯಲ್ಲಿ ಹುಡುಗಿ ಮೂರು ದಿನ ಓದಿದಳು. ಎಷ್ಟು ಓದಿದಳೋ, ಎಷ್ಟು ಹೊತ್ತು ಡಬ್ಬಿಯ ಧ್ಯಾನದಲ್ಲಿದ್ದಳೋ, ಅವಳಿಗೇ ಗೊತ್ತು.

ನಾಲ್ಕನೆಯ ಬೆಳಗ್ಗೆ ಗಾಡಿ ಬಂತು. ಹಲ್ಲುಜ್ಜುತ್ತಿದ್ದವಳು ಹಾಗೇ ಓಡಿಹೋಗಿ ಡಬ್ಬಿಯನ್ನು ಅಂಗಳಕ್ಕೆ ಸುರಿದಳು. ಹನ್ನೆರಡು ಗೋಲಿ. ಕ್ರೇಟಿನ ಖಾನೆಗಳನ್ನು ಎಣಿಸಿದಳು, 228 ಬಾಟಲಿ. 240ಕ್ಕೆ ಸರಿಹೋಯಿತು.

"ಹನ್ನೆರಡೂ ಜಾತ್ರೇಲಿ ಹೋದ್ವಾ?"

"ಹನ್ನೊಂದು," ಎಂದರು ತಂದೆ, ಹಗ್ಗ ಬಿಚ್ಚುತ್ತ. "ಒಂದು ಇಳಿಸೋವಾಗ ನನ್ನ ಕೈಯಲ್ಲೇ ಒಡೀತು. ಅದರ ಗೋಲಿ ಎಲ್ಲಿಡೋದು ಗೊತ್ತಾಗ್ಲಿಲ್ಲ, ಡಬ್ಬಿಗೇ ಹಾಕಿಬಿಟ್ಟೆ. ನಿನ್ನ ಲೆಕ್ಕ ಕೆಟ್ಟಿತೇನೋ."

ಕೆಟ್ಟಿರಲಿಲ್ಲ. ಒಡೆದ ಬಾಟಲಿ ತನ್ನ ಲೆಕ್ಕವನ್ನು ತಾನೇ ಒಪ್ಪಿಸಿತ್ತು. ಹುಡುಗಿ ಗೋಲಿಗಳನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿದಳು. ತಮ್ಮ ಅದರಲ್ಲೊಂದನ್ನು ಎತ್ತಿಕೊಂಡು ಓಡಿದ. ತಾಯಿ ಒಳಗಿನಿಂದ, ಹೊತ್ತಾಯಿತು, ಮುಖ ತೊಳೆದುಕೊಂಡು ಓದಲು ಕೂರು ಎಂದು ಕೂಗಿದರು.